ಬೇಡದ ಪುಟವೂ ಹಿಂದಿನ ಬಾಗಿಲೂ

ಪಿಡಿಎಫ್ ಕಡತದಿಂದ ಒಂದು ಪುಟವನ್ನು ಕಿತ್ತುಹಾಕುವುದು ಬದನೆಕಾಯಿಯ ತೊಟ್ಟು ಮುರಿಯುವುದಕ್ಕಿಂತ ಸುಲಭ ಎಂದು ನನಗೆ ಗೊತ್ತಾದದ್ದು ಈ ವರ್ಷ. ಪುಟದ ಮೇಲೆ ಬೆರಳಿಟ್ಟರೆ ಅದರ ಮೂಲೆಯಲ್ಲಿ ಒಂದು ನೀಲಿ ಗುರುತು ಮೂಡುತ್ತದೆ. ಕೆಳಗೆ ಕಸದ ಬುಟ್ಟಿಯ ಪುಟ್ಟ ಚಿತ್ರ. ಅದನ್ನು ಒತ್ತಿದರೆ 'ಖಚಿತವೇ?' ಎಂದು ಒಂದೇ ಒಂದು ಸಲ ಕೇಳುತ್ತದೆ. ಹೌದು ಎಂದರೆ ಮುಗಿಯಿತು. ಹರಿದ ಸದ್ದಿಲ್ಲ, ಚೂರಿಲ್ಲ, ಗುಡಿಸುವ ಕೆಲಸವಿಲ್ಲ. ಮಿಕ್ಕ ಪುಟಗಳು ಬಸ್ಸಿನಲ್ಲಿ ಸರಿದು ಕೂರುವವರ ಹಾಗೆ ಹತ್ತಿರ ಸರಿದು, ನಡುವೆ ಯಾರೂ ಇರಲೇ ಇಲ್ಲವೆಂಬ ಮುಖ ಮಾಡಿಕೊಂಡು ಕೂತುಬಿಡುತ್ತವೆ.

ನನಗೆ ಈ ಸಲೀಸುತನದ ಮೇಲೇ ಅನುಮಾನ. ನಾನು ಹಳೆಯ ಕ್ಯಾಲೆಂಡರಿನ ಹಾಳೆಯನ್ನೂ ಎಸೆಯದವಳು. ಹಿಂಬದಿ ಖಾಲಿಯಿದೆ, ಯಾವುದಕ್ಕಾದರೂ ಆದೀತು ಎಂದು ಎತ್ತಿಡುತ್ತೇನೆ. ಮರಾಠಿ ಸೀಮೆಯ ಈ ಖಡಕಿಯಲ್ಲಿ ನಮ್ಮ ಮನೆಯ ಒಂದು ಕಪಾಟು ಇಂಥ 'ಆದೀತು'ಗಳಿಂದಲೇ ತುಂಬಿ, ಬಾಗಿಲು ಹಾಕಲು ಮೊಣಕಾಲು ಕೊಡಬೇಕಾಗುತ್ತದೆ. ಅಂಥವಳ ಕೈಗೆ ನಮ್ಮ ಕನ್ನಡ ಸಂಘದವರು ಈ ಸಲದ ರಾಜ್ಯೋತ್ಸವದ ಸ್ಮರಣ ಸಂಚಿಕೆಯನ್ನು ಒಪ್ಪಿಸಿ, "ಬ್ಯಾಡಾದ ಪುಟ ತಗದು ಹಗುರ ಮಾಡ್ರಿ ಬಾಯಾರ" ಎಂದರು. ಸಂಚಿಕೆಯನ್ನು ಅಚ್ಚು ಹಾಕಿಸುವುದನ್ನು ನಾವು ಬಿಟ್ಟಿದ್ದೇವೆ; ಈಗ ಅದು ಹೋಗುವುದು ವಾಟ್ಸಾಪಿನಲ್ಲಿ. ಕಡತ ಎಷ್ಟು ದಪ್ಪವಾಗಿತ್ತೆಂದರೆ, ಪರೀಕ್ಷೆಗೆಂದು ಕಳಿಸಿದಾಗ ಅರ್ಧ ಜನರ ಫೋನುಗಳು ಅದನ್ನು ಇಳಿಸಿಕೊಳ್ಳಲಾರದೆ ತಲೆ ತಿರುಗಿ ಕೂತವು. ಮಗರಪಟ್ಟಾದಲ್ಲಿ ಐಟಿ ಕೆಲಸದಲ್ಲಿರುವ ಅನುಷಾ ನನಗೆ ವಿದ್ಯೆ ಹೇಳಿಕೊಟ್ಟಳು. "ಸಿಂಪಲ್ ಆಂಟಿ. ಬೇಡದ್ದನ್ನ ಸೆಲೆಕ್ಟ್ ಮಾಡಿ, ಡಿಲೀಟ್ ಒತ್ತಿ. ಅಷ್ಟೇ."

ಅಷ್ಟೇ ಅಲ್ಲ. ಯಾವುದು ಬೇಡದ್ದು ಎಂದು ಆ ತಂತ್ರಾಂಶ ಹೇಳುವುದಿಲ್ಲ. ಹೇಳಲು ಸಂಘದ ಸದಸ್ಯರಿದ್ದಾರೆ. ಪ್ರತಿಯೊಬ್ಬರೂ ಫೋನು ಮಾಡಿ, ತಮ್ಮ ಪುಟ ಬಿಟ್ಟು ಉಳಿದವೆಲ್ಲ ಬೇಡವೆಂದು ಬಹಳ ಸೌಜನ್ಯದಿಂದ ತಿಳಿಸಿದರು. ಊಟದ ವ್ಯವಸ್ಥೆ ನೋಡಿಕೊಳ್ಳುವ, ಕುಂದಾಪುರದ ಕಡೆಯ ಹೋಟೆಲಿನ ಶೆಟ್ಟರು, "ನನ್ನ ಜಾಹೀರಾತು ಇರ್ಲಿ ಮಾರಾಯ್ರೆ. ಆ ಕವಿತೆ ಎಲ್ಲ ಯಾಕೆ? ಅದನ್ನ ಯಾರು ತಿಂತಾರೆ?" ಎಂದರು. ಕವಿತೆ ಬರೆದವರು, ಇಡೀ ಪುಟದ ತುಂಬ ಇಡ್ಲಿಯ ಚಿತ್ರ ಯಾತಕ್ಕೆಂದು ನೊಂದುಕೊಂಡರು. ಹಿಂದಿನ ಕಾಲದ ತಾಳೆಗರಿಯ ಕಟ್ಟುಗಳಲ್ಲಿ ಈ ಕೆಲಸವನ್ನು ಗೆದ್ದಲು ಮಾಡುತ್ತಿತ್ತು. ಅದಕ್ಕೆ ಕವಿಯೂ ಒಂದೇ, ಲಿಪಿಕಾರನೂ ಒಂದೇ, ಕಟ್ಟಿಸಿಕೊಟ್ಟ ರಾಜನೂ ಒಂದೇ. ಗೆದ್ದಲಿಗೆ ಯಾರೂ ಫೋನು ಮಾಡುತ್ತಿರಲಿಲ್ಲ.

ಶಾಲೆಯಲ್ಲಿ ನಾವೂ ನೋಟುಬುಕ್ಕಿನ ಹಾಳೆ ಹರಿಯುತ್ತಿದ್ದೆವು, ಕೆಂಪು ಗುರುತು ಬಿದ್ದ ಪುಟವನ್ನು ಅಪ್ಪ ನೋಡದಿರಲಿ ಎಂದು. ಹೊಲಿಗೆ ಹಾಕಿದ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆ ಆಚೆ ಬದಿಯಲ್ಲಿ ಸಡಿಲವಾಗುತ್ತದೆ. ನಾಲ್ಕು ದಿನ ಬಿಟ್ಟು ಅದು ತಾನಾಗಿ ಮೇಷ್ಟರ ಮೇಜಿನ ಮೇಲೆ ಬಿದ್ದು, 'ನನ್ನ ಜೊತೆಗಾರ ಎಲ್ಲಿ?' ಎಂದು ಕೇಳುತ್ತದೆ. ಪಿಡಿಎಫ್‌ನಲ್ಲಿ ಜೋಡಿ ಹಾಳೆಯಿಲ್ಲ. ಯಾರೂ ಯಾರನ್ನೂ ಕೇಳುವುದಿಲ್ಲ.

ನಮ್ಮ ಕಾರ್ಯದರ್ಶಿ ದೇಸಾಯರು ಧಾರವಾಡದವರು, ಹಾಸ್ಯದ ಮನುಷ್ಯ, ಸಂಘವನ್ನು ಮಗಳಂತೆ ಸಾಕಿದವರು. ಅವರು ಬೇಡವಾದ ಪುಟಗಳ ಸಂಖ್ಯೆಗಳನ್ನೇ ಕಳಿಸಿದರು: ಖಾಲಿ ಪುಟಗಳು, ಎರಡು ಸಲ ಸೇರಿದ ಸಂದೇಶಗಳು, ತಲೆಕೆಳಗಾದ ಒಂದು ಫೋಟೋ. ನಡುವೆ ಮೂವತ್ತೇಳು ಎಂದಿತ್ತು. ಮೂವತ್ತೇಳನೆಯ ಪುಟ ನನ್ನದು.

ಆ ಪುಟದಲ್ಲಿದ್ದದ್ದನ್ನು ನಿಮಗೆ ಹೇಳಬೇಕು. ರಾಜ್ಯೋತ್ಸವಕ್ಕೆ ನಾವು ಯಾವಾಗಲೂ ಬಾಡಿಗೆಗೆ ಹಿಡಿಯುವ ಸಭಾಭವನಕ್ಕೆ ಎರಡು ಬಾಗಿಲು. ಮುಂದಿನದು ವೇದಿಕೆಯ ಪಕ್ಕದಲ್ಲಿ. ಹಿಂದಿನದು ಹಿತ್ತಲಿಗೆ, ಅಂದರೆ ಊಟದ ಪೆಂಡಾಲಿಗೆ. ಪ್ರತಿವರ್ಷ ವಂದನಾರ್ಪಣೆ ಶುರುವಾದೊಡನೆ ಸಭಿಕರು ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರಾಗಿ ಹೋಳಿಗೆಯ ಕಡೆ ಜಾರುತ್ತಿದ್ದರು. ವಂದನಾರ್ಪಣೆ ಮಾಡುವವರು ದೇಸಾಯರು. ಖಾಲಿ ಕುರ್ಚಿಗಳಿಗೆ ಕೃತಜ್ಞತೆ ಹೇಳಿ ಹೇಳಿ ಬೇಸತ್ತು, ಹೋದ ವರ್ಷ ಅವರು ಆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜುಬ್ಬದ ಕಿಸೆಗೆ ಸೇರಿಸಿದರು. ನಾನು ಕೂತದ್ದು ಕೊನೆಯ ಸಾಲು, ಆ ಬಾಗಿಲ ಪಕ್ಕ. ಯಾಕೆ ಎಂದು ಕೇಳಬೇಡಿ. ನನಗೂ ಹೋಳಿಗೆ ಇಷ್ಟ.

ವಂದನಾರ್ಪಣೆಯ ನಡುವೆ ವೇದಿಕೆಯ ದೀಪದ ಕಾವಿಗೆ ಪರದೆ ಹೊತ್ತಿಕೊಂಡಿತು. ಸಭಾಭವನದ ಕಾವಲುಗಾರ "ಪಡದ್ಯಾಲಾ ಆಗ ಲಾಗ್ಲೀ!" ಎಂದು ಮರಾಠಿಯಲ್ಲಿ ಬೆಂಕಿಯ ಸುದ್ದಿ ಕೂಗಿದ. ಮುಂದಿನ ಬಾಗಿಲ ಬಳಿ ಹೊಗೆ ತುಂಬಿದ್ದರಿಂದ ಇಡೀ ಸಭೆ ನನ್ನ ಕಡೆಗೆ ತಿರುಗಿತು. ಬಾಗಿಲು ಮೊದಲು ಮುಟ್ಟಿದವಳು ನಾನೇ. ಎಳೆದೆ. ಅಲ್ಲಾಡಲಿಲ್ಲ. ಆಗ ಧ್ವನಿವರ್ಧಕದಲ್ಲಿ ದೇಸಾಯರ ದನಿ: "ಕೀಲಿ ನನ್ನ ಹತ್ರ ಅದ! ಕೀಲಿ ನನ್ನ ಹತ್ರ ಅದ!" ಕೀಲಿ ಎಲ್ಲಿದೆ ಎಂಬುದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು, ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ, ಅಲ್ಲಿಂದ ಅವರೂ ಬರುವಂತಿರಲಿಲ್ಲ. ಹಿಂದಿನಿಂದ ಜನ ಒತ್ತಿದರು. ನನ್ನ ಪಕ್ಕ ಶಾಂತಕ್ಕ ಇದ್ದಳು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು, ಸಂಜೆ ತನ್ನ ಗೆಳತಿಯರೊಡನೆ ವೇದಿಕೆಯ ಮೇಲೆ ಜನಪದ ಹಾಡು ಹೇಳಿದ್ದಳು. ನನ್ನ ಎದೆ ಚಿಲಕಕ್ಕೆ ಒತ್ತಿಕೊಳ್ಳದಿರಲೆಂದು ಅವಳು ನಡುವೆ ಕೈ ಕೊಟ್ಟಳು. ಒಂದು ಸದ್ದಾಯಿತು. ಒಣ ಕಡ್ಡಿ ಮುರಿದಂಥ ಸದ್ದು.

ಅಷ್ಟರಲ್ಲಿ ತಬಲಾದವರು ಪರದೆಯನ್ನು ಜಗ್ಗಿ ಕೆಡವಿ, ಕುಡಿಯುವ ನೀರಿನ ಕ್ಯಾನುಗಳನ್ನು ಅದರ ಮೇಲೆ ಬೋರಲು ಹಾಕಿದ್ದರು. ಬೆಂಕಿ ಆರಿತು. ಶಾಂತಕ್ಕನ ಮಣಿಕಟ್ಟು ಮುರಿದಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ. 'ಏನೂ ಆಗಲಿಲ್ಲ' ಎಂಬುದೇ ಸಂಘದ ಅಧಿಕೃತ ನೆನಪಾಯಿತು. ನನ್ನ ನೆನಪು ಮಾತ್ರ ಸಂಘದ ಸದಸ್ಯತ್ವ ಪಡೆದದ್ದಲ್ಲ. ಅಕ್ಕಿ ಆರಿಸುವಾಗ ಆ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಅಂಗೈಗೆ ಬಾಗಿಲ ಹಿಡಿಕೆ ತಣ್ಣಗೆ ತಗಲುತ್ತದೆ. ಲೋಣಾವಳಾದ ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಲ್ಲುತ್ತೇನೆ. ಮದುವೆಗೆ ಹೋದರೆ ಮೊದಲು ನೋಡುವುದು ಮದುಮಗಳನ್ನಲ್ಲ, ಹಿಂದಿನ ಬಾಗಿಲನ್ನು. ಕಳೆದ ತಿಂಗಳು ಒಂದು ಕಲ್ಯಾಣಮಂಟಪದಲ್ಲಿ ಎದ್ದು ಹೋಗಿ ಚಿಲಕ ತೆಗೆದು ನೋಡುತ್ತಿದ್ದಾಗ, ವರನ ಮಾವ ನನ್ನನ್ನು ಅಡುಗೆಯವಳೆಂದು ತಿಳಿದು ಉಪ್ಪು ತರಲು ಹೇಳಿದರು. ತಂದುಕೊಟ್ಟೆ.

ಹಾಗಾಗಿ ಬರೆದೆ. ಪುಟದ ಕೊನೆಗೆ ಇಷ್ಟೇ ಇತ್ತು: ಈ ವರ್ಷವೂ ಅದೇ ಸಭಾಭವನ, ಅದೇ ಬಾಗಿಲು; ಬೀಗ ಹಾಕಬೇಡಿ.

ದೇಸಾಯರ ಪಟ್ಟಿ ನೋಡಿದಾಗ ಸಿಟ್ಟು ಬರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ರೀತಿಯ ಬಿಡುಗಡೆಯೇ ಅನಿಸಿತು. ಇಲ್ಲಿ ಹೋದರೆ ತಲೆಯೊಳಗಿಂದಲೂ ಹೋದೀತೇನೋ! ಎಲ್ಲ ಪುಟಗಳ ಜೊತೆ ಮೂವತ್ತೇಳಕ್ಕೂ ಗುರುತು ಹಾಕಿ, ಗುಂಡಿ ಒತ್ತಿ, ಸಿದ್ಧವಾದ ಕಡತವನ್ನು ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಿ, ಒಗ್ಗರಣೆ ಹಾಕಲು ಎದ್ದೆ.

ಒತ್ತಿದ ಗುಂಡಿ ಬೇರೆ. ಕಸದ ಬುಟ್ಟಿಯ ಪಕ್ಕದಲ್ಲೇ ಇನ್ನೊಂದು ಚಿತ್ರವಿದೆ. ಅದು ಗುರುತು ಹಾಕಿದ ಪುಟಗಳನ್ನು ಅಳಿಸುವುದಿಲ್ಲ, ಬೇರ್ಪಡಿಸಿ ಒಂದು ಹೊಸ ಕಡತ ಮಾಡುತ್ತದೆ. ಅಂದರೆ ನಾನು ಇಡೀ ಸಂಘಕ್ಕೆ ಕಳಿಸಿದ್ದು ಬೇಡದ ಪುಟಗಳನ್ನು ಮಾತ್ರ. ಕೆಲವು ಖಾಲಿ ಹಾಳೆ, ಶುಭ ಕೋರಿದವರೇ ಮತ್ತೊಮ್ಮೆ ಕೋರಿದ ಶುಭ, ತಲೆಕೆಳಗಾದ ಅಧ್ಯಕ್ಷರು, ಮತ್ತು ನಾನು. ಗುಂಪಿನಲ್ಲಿ ಆಗಲೇ ಒಬ್ಬರು ಬರೆದಿದ್ದರು: "ಈ ಸಲ ಸಂಚಿಕೆ ಭಾಳ ಚೊಲೊ ಬಂದದ. ಓದಾಕ ಹಗುರ."

ಆ ಗುಂಪಿನಲ್ಲಿ 'ಎಲ್ಲರಿಗೂ ಅಳಿಸಿ' ಎಂಬ ಸೌಲಭ್ಯ ಇದೆ. ಬೆರಳು ಅಲ್ಲಿಯವರೆಗೆ ಹೋಯಿತು. ಇನ್ನೂ ಬಹಳ ಜನ ನೋಡಿರಲಿಲ್ಲ. 'ಖಚಿತವೇ?' ಎಂದು ಅದು ಕೇಳುವ ಮೊದಲೇ ನನ್ನನ್ನು ನಾನು ಕೇಳಿಕೊಂಡೆ. ಖಚಿತವಿರಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿದೆ. ಒತ್ತಿದ್ದು ಕೈತಪ್ಪು; ಅಳಿಸದೆ ಬಿಟ್ಟದ್ದು ಕೈತಪ್ಪಲ್ಲ.

ದೇಸಾಯರ ಫೋನು ಬಂತು. "ಬಾಯಾರ, ಏನ್ ಮಾಡಿಟ್ರಿ ಇದು? ತಗೀರಿ ಅಂದದ್ದನ್ನಷ್ಟ ಕಳಿಸೀರಲ್ರಿ!"

"ತಪ್ಪು ಗುಂಡಿ ಒತ್ತಿದೆ ರೀ."

"ಮತ್ತ ಅಳಸ್ರಿ ಲಗೂನ. ಮಂದಿ ಓದಾಕತ್ತಾರ!"

"ಅಳಸಂಗಿಲ್ರಿ. ಈ ವರ್ಷ ಬೀಗ ಹಾಕತೀರೇನು?"

"ಬೀಗ ಇಲ್ಲಂದ್ರ ವಂದನಾರ್ಪಣೆಗೆ ಯಾರು ಕೂಡತಾರ್ರಿ? ಹೋಳಗಿ ವಾಸನಿ ಬಂತಂದ್ರ ಅಧ್ಯಕ್ಷರ ಸೈತ ಏಳ್ತಾರ."

"ಏಳ್ಲಿ ಬಿಡ್ರಿ. ಎದ್ದವರಿಗೆ ಹೋಗಾಕ ಆಗಬೇಕಲ್ಲ?"

"ಹಬ್ಬದ ಸಂಚಿಕಿ ಅದ. ಬೆಂಕಿ, ಮುರದ ಕೈ... ಚೊಲೊ ಕಾಣಸತದೇನ್ರಿ?"

"ಬೀಗ ತಗೀರಿ, ಪುಟ ತಗೀತೀನಿ. ಅಲ್ಲೀತನಕ ಇಲ್ಲ." ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನೋಡಿ ಒಳಗಿದ್ದ ನಮ್ಮ ಯಜಮಾನರು ಟಿವಿ ಸದ್ದು ಕಡಿಮೆ ಮಾಡಿದರು.

ಸಂಜೆ ಶಾಂತಕ್ಕನ ಧ್ವನಿಸಂದೇಶ ಬಂತು. ಅದನ್ನು ಮೂರು ಸಲ ಕೇಳಿ ದೇಸಾಯರಿಗೂ ಕಳಿಸಿದೆ. "ಅಕ್ಕಾರ, ನನಗ ಓದಾಕ ಬರಂಗಿಲ್ರಿ, ಮಗಳು ಓದಿ ಹೇಳಿದ್ಳು. ನನ್ನ ಕೈ ಮುರದದ್ದು ಯಾರ ನೆನಪಿನ್ಯಾಗೂ ಇಲ್ಲ ಅಂದ್ಕೊಂಡಿದ್ದೆ. ರೊಟ್ಟಿ ಬಡಿಯಾಗ ಇನ್ನಾ ಹಿಡೀತದ. ಈ ವರ್ಸನೂ ಹಾಡಾಕ ಕರದಾರ. ನಮ್ಮ ಹೆಣ್ಮಕ್ಕಳು ಅಂಜತಾರ್ರಿ. ಬಾಗಲ ತಗದಿರತದೇನು ಕೇಳಿ ಹೇಳ್ರಿ. ತಗದಿದ್ರ ಬರತೀವಿ. ಇಲ್ಲಂದ್ರ ಬ್ಯಾಡ."

ಮರುದಿನ ದೇಸಾಯರು ಖಡಕಿಯ ತನಕ ತಾವೇ ಬಂದರು. ಚಹಾ ಕುಡಿಯುವವರೆಗೆ ಮಳೆ, ಮೆಟ್ರೊ, ಮೊಣಕಾಲು ಎಲ್ಲ ಮಾತಾಡಿದರು. ಆಮೇಲೆ ಕಿಸೆಯಿಂದ ಒಂದು ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಬೀಗ, ಕೀಲಿ, ಎರಡೂ. "ಆ ಹೆಣ್ಮಗಳ ದನಿ ಕೇಳಿ ನಿದ್ದಿ ಬರಲಿಲ್ರಿ. ಅವತ್ತ ಮೈಕಿನ್ಯಾಗ ನಾನು ಒದರಿದ್ದು ನನಗ ಇನ್ನಾ ಕೇಳಸತದ," ಎಂದರು. ಆ ಪುಟ ನನ್ನೊಬ್ಬಳ ತಲೆಯಲ್ಲೇ ತೆರೆದುಕೊಳ್ಳುತ್ತಿದೆ ಎಂದುಕೊಂಡಿದ್ದೆ. ಜೋಡಿ ಹಾಳೆ ಇಲ್ಲಿತ್ತು, ನನ್ನ ಎದುರೇ ಚಹಾದ ಕಪ್ಪು ಹಿಡಿದು ಕೂತಿತ್ತು. "ತಗೋರಿ. ನಿಮ್ಮ ಆ ಕಪಾಟಿನ್ಯಾಗ ಇಡ್ರಿ. ಆದೀತು."

ಅವರ ಎದುರಿಗೇ ಮೂಲ ಕಡತವನ್ನು ತೆರೆದು, ಈ ಸಲ ಕನ್ನಡಕ ಹಾಕಿಕೊಂಡು, ಕಸದ ಬುಟ್ಟಿಯನ್ನೇ ಒತ್ತಿದೆ. 'ಖಚಿತವೇ?' ಎಂದಿತು. ಹೌದು ಎಂದು, ಹಗುರವಾದ ಸಂಚಿಕೆಯನ್ನು ಗುಂಪಿಗೆ ಕಳಿಸಿದೆ. ಪುಟವೊಂದು ನಿಜವಾಗಿ ಬೇಡದ್ದಾಗಲು ಮೊದಲು ಅದರ ಕೆಲಸ ಮುಗಿಯಬೇಕು. ಇದರ ಕೆಲಸ ಮೇಜಿನ ಮೇಲೆ ಕರವಸ್ತ್ರದಲ್ಲಿ ಮುಗಿದು ಬಿದ್ದಿತ್ತು. ಆದರೂ ಒಂದು ವಿಷಯ ನಿಮ್ಮಲ್ಲಿರಲಿ: ಈ ತಂತ್ರಾಂಶ ಪುಟ ಅಳಿಸಿದ ಮೇಲೆ ಹೊಸ ಪ್ರತಿಯೊಂದನ್ನು ಮಾಡುತ್ತದೆ, ಮೂಲವನ್ನು ಮುಟ್ಟುವುದಿಲ್ಲ. ಮೂಲ ನನ್ನ ಬಳಿ ಇದೆ. ಆ ಬಾಗಿಲಿಗೆ ಮುಂದೆ ಯಾವ ಕಾರ್ಯದರ್ಶಿ ಬೀಗ ತಂದರೂ, ಮೂವತ್ತೇಳನೆಯ ಪುಟ ಮೊದಲನೆಯ ಪುಟವಾಗಿ ಹೊರಡುತ್ತದೆ. ಇದನ್ನು ದೇಸಾಯರಿಗೂ ಹೇಳಿದೆ. "ಗೊತ್ತದ ರೀ, ನೀವು ಒಗಿಯೋರಲ್ಲ," ಎಂದು ನಕ್ಕರು.

ರಾಜ್ಯೋತ್ಸವದ ದಿನ ಹಿಂದಿನ ಬಾಗಿಲು ಎರಡೂ ಕದ ತೆರೆದು ನಿಂತಿತ್ತು. ಶಾಂತಕ್ಕ ಮತ್ತು ಗೆಳತಿಯರು ಹಾಡಿದರು. ಹಾಡಿ ಬಂದು ಅವಳು ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಳು. ವಂದನಾರ್ಪಣೆ ಶುರುವಾಯಿತು. ಹೋಳಿಗೆಯ ವಾಸನೆ ಬಂತು. ಅಧ್ಯಕ್ಷರೇ ಮೊದಲು ಎದ್ದರು. ಆಮೇಲೆ ಸಾಲು ಸಾಲೇ ನಮ್ಮ ಪಕ್ಕದಿಂದ ಸೆರಗು, ಶಲ್ಯ ಸರಿಪಡಿಸಿಕೊಳ್ಳುತ್ತ ಜಾರಿತು. ಇಷ್ಟು ಅಶಿಸ್ತಿನ, ಇಷ್ಟು ಚಂದದ ದೃಶ್ಯವನ್ನು ನಾನು ನೋಡಿರಲಿಲ್ಲ. ದೇಸಾಯರು ಕಾಗದ ಮಡಿಚಿ, ಖಾಲಿ ಕುರ್ಚಿಗಳನ್ನು ನೋಡಿ, "ಕೊನಿಗೆ, ಎದ್ದು ಹೋದವರಿಗೂ ಧನ್ಯವಾದ. ಹೋಗಾಕ ಆತಲ್ಲ, ಅದ ಸಂತೋಷ," ಎಂದರು. ಚಪ್ಪಾಳೆ ತಟ್ಟಿದವರು ನಾವಿಬ್ಬರೇ. ಶಾಂತಕ್ಕ ಒಂದು ಕೈಯನ್ನು ತೊಡೆಗೆ ತಟ್ಟಿದಳು.

ಪೂರ್ತಿ ವಂದನಾರ್ಪಣೆ ಕೇಳಿ, ಅವಸರವಿಲ್ಲದೆ ಬಾಗಿಲು ದಾಟಿ ಪೆಂಡಾಲಿಗೆ ಹೋದೆವು. ಹೋಳಿಗೆ ಮುಗಿದಿತ್ತು. ಶೆಟ್ಟರು ಖಾಲಿ ತಟ್ಟೆಯನ್ನು ವಾಲಿಸಿ ತೋರಿಸಿದರು.

"ಮುಂಚೆ ಬರ್ಬೇಕಿತ್ತು ಮಾರಾಯ್ರೆ. ಬಾಗಿಲು ತೆರೆದೇ ಇತ್ತಲ್ಲ?"