ತಪ್ಪಿಲ್ಲದ ಪದ

ಮಸಾನ್ ಬಂದರಿನ ಸಂಜೆಪತ್ರಿಕೆಯೊಂದರಲ್ಲಿ ಪ್ಯೋ ಗುಮ್ರೆ ಇಪ್ಪತ್ತೇಳು ವರ್ಷಗಳಿಂದ ಕರಡು ತಿದ್ದುತ್ತಿದ್ದಳು. ಅವಳ ಮೊಹರು ಬೀಳದ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಊರಿನ ಅರ್ಧ ಜನ ದುಡಿಯುತ್ತಿದ್ದದ್ದು ಮುಗಾಂಗ್ ಮನೆತನದ ಕಾರ್ಖಾನೆಗಳಲ್ಲಿ. ಅಲ್ಲಿ ಆ ಮನೆತನದ ಅಜ್ಜ ಮಾಡಿದ ಭಾಷಣಗಳನ್ನೂ, ಮಗ ಅಧ್ಯಕ್ಷನಾದ ಸುದ್ದಿಯನ್ನೂ ತಿದ್ದಿದವಳು ಅವಳೇ. ೧೯೯೬ರ ವಸಂತದಲ್ಲಿ ಮೊಮ್ಮಗನ ಸರದಿ ಬಂತು. ಅವನಿಗಿನ್ನೂ ಮೂವತ್ತಮೂರು.

‘ಮೂರನೇ ತಲೆಮಾರಿಗೆ ಚೇಬೊಲ್ ಗದ್ದುಗೆ’ ಎಂದು ವರದಿಗಾರ ತಲೆಬರಹ ಕೊಟ್ಟಿದ್ದ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಂಪಾದಕ ನಮ್‌ಗುಂಗ್ ಬೆವರೊರೆಸಿಕೊಳ್ಳುತ್ತ ಅವಳ ಮೇಜಿಗೆ ಬಂದ.

“ಅಕ್ಕಾ, ಚೇಬೊಲ್ ತೆಗೆದು ‘ಉದ್ಯಮ ಸಮೂಹ’ ಅಂತ ಹಾಕಿಬಿಡಿ. ಅವರ ಕಚೇರಿಯಿಂದ ಫೋನ್ ಬಂದಿತ್ತು. ಬೈದ ಹಾಗಿರುತ್ತಂತೆ.”

“ಯಾಕೆ, ಕಾಗುಣಿತ ತಪ್ಪಿದೆಯಾ?”

“ಕಾಗುಣಿತದ ಮಾತಲ್ಲ...”

“ಅರ್ಥ ತಪ್ಪಿದೆಯಾ? ‘ಚೇ’ ಅಂದ್ರೆ ಐಶ್ವರ್ಯ, ‘ಬೊಲ್’ ಅಂದ್ರೆ ಮನೆತನ. ತಾತ ಎದ್ದ, ಅಪ್ಪ ಕೂತ. ಅಪ್ಪ ಎದ್ದ, ಈಗ ಇವನು ಕೂರ್ತಾನೆ. ಬೇರೆ ಮನೆ ಮಕ್ಕಳಿಗೆ ಆ ಕುರ್ಚಿ ಸಿಕ್ಕಿದ ದಿನ ಹೇಳಿ, ಈ ಪದಾನ ನಾನೇ ಹೊಡೆದು ಹಾಕ್ತೀನಿ.”

ನಮ್‌ಗುಂಗ್ ಅವಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತಾನೇ ತಿದ್ದಿದ. “ಈಗ ಮೊಹರು ಒತ್ತಿ.”

ಗುಮ್ರೆ ಮೊಹರನ್ನು ಕೋಟಿನ ಜೇಬಿಗಿಳಿಸಿ ಗುಂಡಿ ಹಾಕಿಕೊಂಡಳು. “ತಿದ್ದಿದವರು ನೀವು. ನಿಮ್ದೇ ಒತ್ಕೊಳ್ಳಿ.”

ಅವನು ತನ್ನದನ್ನೇ ಒತ್ತಿ ಅಚ್ಚುಮನೆಗೆ ಒಯ್ದ. ಅಚ್ಚುಮನೆಯ ಮುಖ್ಯಸ್ಥ ಮ್ಯಾಂಗ್ ಹಾಳೆಯನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. “ಇದು ನಡೆಯಲ್ಲ ಸಾರ್. ನನಗೆ ಅಕ್ಕನ ಮೊಹರೇ ಬೇಕು.”

ಹೊರಗೆ ಪತ್ರಿಕೆ ಹೊರುವ ಲಾರಿಗಳು ಹಾರನ್ ಬಾರಿಸತೊಡಗಿದವು. ಗುಮ್ರೆಯ ನಿವೃತ್ತಿಗೆ ಇನ್ನು ನಾಲ್ಕೇ ವರ್ಷವಿತ್ತು. ಆದರೂ ಅವಳು ಗುಂಡಿ ಬಿಚ್ಚಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ನಮ್‌ಗುಂಗ್ ಹಾಳೆಯನ್ನು ಅವಳ ಮುಂದೆ ಎಸೆದ. “ಹಾಳಾಗಿ ಹೋಗ್ಲಿ, ಏನು ಬೇಕಾದ್ರೂ ಮಾಡ್ಕೊಳ್ಳಿ!”

ಅವಳು ಪದವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ ಮೊಹರು ಒತ್ತಿದಳು.

ಮರುವಾರದಿಂದ ಮುಗಾಂಗ್ ಜಾಹೀರಾತು ನಿಂತಿತು. ಪತ್ರಿಕೆಯ ಆಡಳಿತದವರು ಗುಮ್ರೆಯಿಂದ ವಿವರಣೆ ಕೇಳಿದರು. ‘ಪದ ಪರಿಶೀಲಿಸಿದ್ದೇನೆ. ತಪ್ಪಿಲ್ಲ’ ಎಂದಷ್ಟೇ ಬರೆದುಕೊಟ್ಟಳು. ಪತ್ರಿಕೆಗೆ ವಿಳಾಸದ ಚೀಟಿ ಅಂಟಿಸಲು ಅವಳನ್ನು ನೆಲಮಾಳಿಗೆಗೆ ಕಳಿಸಿದರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಮ್‌ಗುಂಗ್ ಇಳಿದು ಬಂದ. ಅವಳು ಚೀಟಿ ಅಂಟಿಸುವ ಹೆಂಗಸರ ನಡುವೆ ಕೂತು ಕಿಮ್ಚಿ ಅನ್ನ ಉಣ್ಣುತ್ತಿದ್ದಳು.

“ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡಿ ಅಕ್ಕಾ, ಮೇಲಕ್ಕೆ ಕರೆಸ್ಕೋತೀನಿ.”

“ಇವತ್ತು ಮೊದಲ ಪುಟದಲ್ಲೇ ಮೂರು ತಪ್ಪು ಬಿಟ್ಟಿದ್ದೀರಲ್ಲ, ಮೊದಲು ಅದಕ್ಕೆ ನೀವು ಬರೆದುಕೊಡಿ.”

ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿಯದೆಯೇ ನಕ್ಕರು. ನಿವೃತ್ತಿಯಾಗುವ ತನಕ, ನಾಲ್ಕು ವರ್ಷ, ಗುಮ್ರೆ ಅಲ್ಲೇ ಚೀಟಿ ಅಂಟಿಸಿದಳು.