ಬಾಯಿ ನೋಡುವ ಟಾರ್ಚಕ್ಕ

"ಬಾಯೊಳಗಿನ ಎಂಥಾ ಗಾಯವಾದರೂ ನಾಲ್ಕೇ ದಿನ! ಐದನೆಯ ದಿನಕ್ಕೆ ಉಳಿದರೆ ನನ್ನ ಹೆಸರು ಬದಲಾಯಿಸಿ" ಎನ್ನುವುದು ಪ್ರಯೋಗಾಲಯದ ಟಾರ್ಚಕ್ಕನ ಸವಾಲು. ಮೂವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿ ಕೂತು ಆಕೆಯ ಹುಬ್ಬು ಸವೆದೇ ಹೋಗಿದೆ, ಈಗಿರುವುದು ಪೆನ್ಸಿಲಿನದು ಎಂದು ಪ್ರತೀತಿ. ಪಕ್ಕದ ಬೀದಿಯಲ್ಲಿ ಯಾರಾದರೂ ಆಕಳಿಸಿದರೂ ಸಾಕು, ಟಾರ್ಚು ಹಿಡಿದು ಓಡುತ್ತಾಳೆ. ನಾಲಿಗೆ ಸುಟ್ಟುಕೊಂಡವರಿಗೆ ಅಭಿನಂದನೆ ಹೇಳುತ್ತಾಳೆ. "ಒಳಪೊರೆಯ ತಳದಲ್ಲಿ ಕಾಂಡಕೋಶಗಳಿವೆ ಕಣ್ರೀ! ಒಂದು ಎರಡಾಗುತ್ತೆ, ಒಂದು ಅಲ್ಲೇ ಕೂರುತ್ತೆ, ಇನ್ನೊಂದು ಮೇಲೆ ಬಂದು ಹೊಸ ಪೊರೆಯಾಗುತ್ತೆ. ಉದುರಿದ ಹಳೇದನ್ನ ನೀವು ಅನ್ನದ ಜೊತೆ ನುಂಗಿಬಿಡ್ತೀರಿ!" ಎನ್ನುವಷ್ಟರಲ್ಲಿ ಊಟದ ಮೇಜು ಖಾಲಿ. ಆದರೆ ಮನೆಯಲ್ಲಿ, ಗಂಟಲ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿಸಿದ ತಮ್ಮನ ಬಾಯಿಹುಣ್ಣು ಐದು ವಾರವಾದರೂ ಮಾಯಲಿಲ್ಲ. ಗುಟುಕು ನೀರಿಗೂ ಅವನ ಕಣ್ಣು ತುಂಬುತ್ತಿತ್ತು. ಚುರುಕಾಗಿ ದುಡಿಯುವ ಕೋಶಗಳೇ ವಿಕಿರಣಕ್ಕೆ ಮೊದಲು ಬಲಿಯೆಂದು ಟಾರ್ಚಕ್ಕನಿಗೆ ಗೊತ್ತು. ಮೂಲೆಯಲ್ಲಿ ಗೊರಕೆ ಹೊಡೆಯುವ ಸೋಮಾರಿ ಕೋಶಗಳು ಬದುಕಿ ಉಳಿದಿದ್ದರೆ ಅವೇ ಎದ್ದು ಪೊರೆ ನೇಯಬೇಕು. ದಿನಾ ಬೆಳಿಗ್ಗೆ ಅವನ ಬಾಯಿ ನೋಡಿ ಟಾರ್ಚು ಆರಿಸುತ್ತಿದ್ದಳು. ಇವತ್ತು ಹುಣ್ಣಿನ ಅಂಚಿನಲ್ಲಿ ಅಕ್ಕಿಕಾಳಿನ ತುದಿಯಷ್ಟು ಹೊಸ ಗುಲಾಬಿ ಪೊರೆ! "ಎದ್ದವು! ಸೋಮಾರಿಗಳು ಎದ್ದವು ಕಣೋ!" ಎಂದು ಕುರ್ಚಿ ಉರುಳಿಸಿ ಕುಣಿದಳು, ಕೆಳಗಿನ ಮನೆಯವರು ಭೂಕಂಪವೆಂದು ಹೊರಗೆ ಓಡಿದರು. ತಮ್ಮ ತುಟಿ ಅಲ್ಲಾಡಿಸದೆ ಗೊಣಗಿದ: "ಅಕ್ಕಾ, ಅಷ್ಟು ಚಿಕ್ಕದಕ್ಕೆ ಇಷ್ಟು ಕುಣಿತವೇನೇ?" ಟಾರ್ಚಕ್ಕ ಕಣ್ಣೊರೆಸಿಕೊಂಡಳು. "ಸುಮ್ನಿರೋ! ನೀನು ಹುಟ್ಟಿದ ದಿನವೂ ಹೀಗೇ ಕುಣಿದಿದ್ದೆ. ಆಗ ನೀನೇನು ಮಹಾ ದೊಡ್ಡವನಿದ್ಯಾ?"