ಕಾಂತಪ್ಪ ಕಾಕಾ ಮತ್ತು ನಾಲ್ಕನೆಯ ಬ್ಯಾಟರಿ

ನನ್ನ ಡಿಪ್ಲೊಮಾದಲ್ಲಿ ಬ್ಯಾಟರಿಯ ಪಾಠ ಎರಡನೆಯ ಸೆಮಿಸ್ಟರಿಗಿತ್ತು. ಅದನ್ನು ನಾನು ಮೂರು ಸಲ ಓದಿದ್ದೇನೆ. ಎರಡು ಸಲ ಫೇಲಾದವನಿಗೆ ಬೇರೆ ದಾರಿ ಇರುವುದಿಲ್ಲ. ಹೀಗೆ ಉಳಿದವರಿಗಿಂತ ಹೆಚ್ಚು ಓದಿದವನು ಎಂಬ ಕಾರಣಕ್ಕೇ ಇರಬೇಕು, ೨೦೦೭ರಲ್ಲಿ ಪುಣೆ ಕ್ಯಾಂಪಿನ ಶಿವರುದ್ರಪ್ಪ ಸಾವಕಾರರು ತಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಅಂಗಡಿಯಲ್ಲಿ ನನಗೊಂದು ಕೈಯಿರುವ ಕುರ್ಚಿ, ಒಂದು ಕಂಪ್ಯೂಟರು, 'ಸರ್ವಿಸ್ ಸುಪರ್‌ವೈಜರ್' ಎಂಬ ಹೆಸರು ಕೊಟ್ಟರು. ಸಂಬಳದ ಮಾತು ತೆಗೆದರೆ ಹೆಸರು ಸಣ್ಣದಾಗುತ್ತದೆ, ಬಿಡಿ.

ಅಂಗಡಿಯ ಹಿಂದುಗಡೆ ಬ್ಯಾಟರಿ ಕೋಣೆ. ಅಲ್ಲಿ ಕುರ್ಚಿ ಇರಲಿಲ್ಲ, ಕಾಂತಪ್ಪ ಕಾಕಾ ಇದ್ದರು.

ಅಫಜಲಪುರದ ಕಡೆಯ ಮನುಷ್ಯ. ೧೯೯೧ರಲ್ಲಿ ಹೆಂಡತಿ ಸಾಬವ್ವನ ಜೊತೆ ಗಾರೆ ಕೆಲಸಕ್ಕೆಂದು ಪುಣೆಗೆ ಬಂದವರು. ಒಂದು ದಿನ ಕಣ್ಣಿಗೆ ಸುಣ್ಣ ಸಿಡಿದು ಆ ಕೆಲಸ ಕೈಬಿಟ್ಟಿತು. ಪುಣೆಯದೇ ಖಡಕಿಯಲ್ಲಿ ಲಾರಿ ಬ್ಯಾಟರಿ ಚಾರ್ಜು ಮಾಡುವ ಗುತ್ತಿಗೆದಾರನೊಬ್ಬನ ಕೈಕೆಳಗೆ ಸೇರಿಕೊಂಡರು. ಬ್ಯಾಟರಿಯನ್ನು ಹೊಟ್ಟೆಗೆ ಆನಿಸಿಕೊಂಡು ಎತ್ತಿ ಎತ್ತಿ ಅವರ ಅಂಗಿಗಳಿಗೆಲ್ಲ ಹೊಕ್ಕುಳಿನ ಹತ್ತಿರ ಆಸಿಡ್ಡಿನ ತೂತು. ಹೊಸ ಅಂಗಿ ತಂದ ದಿನವೇ ಸಾಬವ್ವ ಒಳಗಿನಿಂದ ಅಲ್ಲೊಂದು ತೇಪೆ ಹಾಕಿಬಿಡುತ್ತಿದ್ದಳು, ತೂತು ಬೀಳುವ ಮೊದಲೇ.

ಆ ಗುತ್ತಿಗೆದಾರ ಹನ್ನೊಂದು ತಿಂಗಳು ಕೆಲಸ ಕೊಟ್ಟು ಒಂದು ತಿಂಗಳು ಮನೆಗೆ ಕಳಿಸುತ್ತಿದ್ದ. ವರ್ಷ ತುಂಬಿದರೆ ಆಳು ಕಾಯಂ ಮಾಡೆಂದು ಕೇಳಬಹುದಲ್ಲ! ಹಾಗೆ ಹದಿನಾಲ್ಕು ಸಲ ಕಾಂತಪ್ಪ ಕಾಕಾ ಕೆಲಸಕ್ಕೆ ಹೊಸದಾಗಿ ಸೇರಿದರು. ಮನೆಯಲ್ಲಿ ಸಾಬವ್ವನ ಚೇಷ್ಟೆ: "ಗಂಡ ಅಂತಾದ್ರೂ ಕಾಯಂ ಇದ್ದೀರೋ, ಇಲ್ಲಾ ಅದೂ ಹನ್ನೊಂದ ತಿಂಗಳದ್ದೋ?" ಅವಳು ನಗುತ್ತಿದ್ದಳು. ಅವರು ನಕ್ಕದ್ದನ್ನು ನಾನು ನೋಡಿಲ್ಲ.

ಶಿವರುದ್ರಪ್ಪ ಸಾವಕಾರರು ೨೦೦೭ರ ದಸರೆ ಮುಗಿದ ಮೇಲೆ ಅವರನ್ನು ಖಡಕಿಯಿಂದ ಕರೆತರುವಾಗಲೇ ಮಾತು ಕೊಟ್ಟಿದ್ದರು. "ಒಂದ ದಸರಾ ಸೀಜನ್ ನೋಡೂಣು ಕಾಂತಪ್ಪಾ. ದಾಟ್ತಂದ್ರ ನಿನ್ನ ಕಾಯಂ ಮಾಡ್ತೀನಿ." ಕಾಕಾಗೆ ಆಗ ಐವತ್ತೊಂದು. ಇನ್ನೊಂದು ಹೊಸ ಕೆಲಸ ಹುಡುಕುವ ವಯಸ್ಸು ಅಲ್ಲ. ಆ ದಸರೆಯನ್ನೇ ಅವರು ಕಾಯುತ್ತಿದ್ದರು.

ನಮ್ಮ ಸ್ಕೂಟರಿನ ಸೀಟಿನ ಕೆಳಗೆ ಹನ್ನೆರಡು ವೋಲ್ಟಿನ ನಾಲ್ಕು ಬ್ಯಾಟರಿ, ಒಂದರ ಬಾಲ ಇನ್ನೊಂದಕ್ಕೆ ಕಟ್ಟಿದಂತೆ ಸಾಲಾಗಿ. ನಾಲ್ಕಕ್ಕೂ ಸೇರಿ ಚಾರ್ಜರ್ ಒಂದೇ. ಹೊಸ ಗಾಡಿ ಹೊರಗೆ ಬಿಡುವ ಮೊದಲು ಕಾಕಾ ಪ್ರತಿ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಸಣ್ಣ ಚಾರ್ಜರಿಗೆ ಹಚ್ಚುತ್ತಿದ್ದರು. ಆಮೇಲೆ ಒಂದು ದಿನ ಸುಮ್ಮನೆ ಇಡುತ್ತಿದ್ದರು. ಆಮೇಲೆ ಹಳೆಯ ಲಾರಿಯ ಹೆಡ್‌ಲೈಟ್ ಬಲ್ಬು ಹಚ್ಚಿ ಅದರ ಕಸುವು ನೋಡುತ್ತಿದ್ದರು. ಕೊನೆಗೆ ಮೀಟರಿನ ಅಂಕಿಯನ್ನು ಚಾಕ್‌ಪೀಸಿನಿಂದ ಬ್ಯಾಟರಿಯ ಮೇಲೇ ಬರೆದು, ಸರಿಸಮ ಇದ್ದ ನಾಲ್ಕನ್ನು ಒಂದು ಗಾಡಿಗೆ ಕೂಡಿಸುತ್ತಿದ್ದರು. ವಧೂವರರ ಜಾತಕ ನೋಡಲೂ ಇಷ್ಟು ಹೊತ್ತು ಹಿಡಿಯುವುದಿಲ್ಲ ಎಂದು ನಾನು ಹಾಸ್ಯ ಮಾಡುತ್ತಿದ್ದೆ.

"ನಾಕೂ ಒಂದ ಚಾರ್ಜರಿಗೇ ಹಚ್ಚೂವು ಅಲ್ಲೇನ್ರಿ ಕಾಕಾ? ತಾವ ತುಂಬಕೋತಾವ."

"ಇಂಜಿನೀರ್ ಸಾಹೇಬ್ರ, ಪಂಕ್ತಿ ಊಟಕ್ಕ ಕುಂತೀರಿಲ್ಲ? ಬಡಿಸಾಂವ ಬುಟ್ಟಿ ನೋಡ್ತಾನ, ಎಲಿ ನೋಡಂಗಿಲ್ಲ. ಬುಟ್ಟಿ ಖಾಲಿ ಆತು, ಎಲ್ಲಾರದೂ ಊಟ ಆತು ಅಂತಾನ. ಮೊದಲಿನ ಮೂರು ಮಂದಿ ಹೊಟ್ಟಿ ಬಿರಿಯೂವಂಗ ಉಂಡಾರ, ಕಡೀಕ ಕುಂತಾಂವಗ ಅರ್ಧಾ ರೊಟ್ಟಿ. ಈ ಚಾರ್ಜರೂ ಹಂಗ. ನಾಕರದೂ ಕೂಡಿ ಲೆಕ್ಕ ಬಂತಂದ್ರ ಬಂದ್ ಆಗತದ."

"ಆಗಲಿ ಬಿಡ್ರಿ. ಅರ್ಧಾ ರೊಟ್ಟಿ ಉಂಡಾಂವ ಏನ್ ಸಾಯಂಗಿಲ್ಲ."

"ಉಣ್ಣೂವಾಗ ಸಾಯಂಗಿಲ್ಲ, ದುಡಿಯೂವಾಗ ಸಾಯತಾನ. ರಸ್ತೇಕ ಬಂದ್ರ ನಾಕಕ್ಕೂ ಒಂದ ನೊಗ. ಅರೆಹೊಟ್ಟಿದು ಮೊದಲ ಕುಂಡ್ರತದ. ಉಳಿದ ಮೂರು ಅದನ್ನ ದರದರ ಎಳಕೊಂಡ ಹೋಗತಾವ. ನಾಕ ತಿಂಗಳದಾಗ ಅದು ಹೆಣ. ಅದರ ಬೆನ್ನಿಗೇ ಉಳಿದ ಮೂರು."

ಮೂರು ಸಲ ಓದಿದ ಪಾಠ ನನಗೆ ಅರ್ಥವಾದದ್ದು ಆವತ್ತು. ಅರ್ಥವಾದದ್ದು ಒಳ್ಳೆಯದಾಗಲಿಲ್ಲ. ಗೊತ್ತಿಲ್ಲದೆ ಮಾಡಿದೆ ಎಂದು ಮುಂದೆ ಹೇಳುವ ಅನುಕೂಲ ತಪ್ಪಿಹೋಯಿತು.

೨೦೦೮ರ ಮಳೆಗಾಲದಲ್ಲಿ ಪೆಟ್ರೋಲಿನ ದರ ಏರಿ ಜನ ನಮ್ಮ ಅಂಗಡಿಯ ಕಡೆ ತಿರುಗಿದರು. ಪುಣೆಯಲ್ಲಿ ಗಾಡಿ ಕೊಳ್ಳುವವರು ದಸರೆಯ ದಿನವೇ ಕೊಳ್ಳಬೇಕು. ಮುಹೂರ್ತಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮನೆಮಂದಿಯೆಲ್ಲ ಬಂದು ತೆಗೆದುಕೊಂಡು ಹೋಗಬೇಕು. ಮರುದಿನ ಕೊಡುತ್ತೇವೆ ಎಂದರೆ ಮುಂಗಡ ತಿರುಗಿ ಕೇಳುತ್ತಾರೆ. ಇಪ್ಪತ್ತಾರು ಗಾಡಿ ಬುಕ್ ಆದವು. ಕಂಪನಿಯ ಲಾರಿ ಬಂದದ್ದು ದಸರೆಗೆ ನಾಲ್ಕು ದಿನ ಇರುವಾಗ. ನೂರಾ ನಾಲ್ಕು ಬ್ಯಾಟರಿ; ಅದರಲ್ಲಿ ಅರ್ಧ ಹೊಸವು, ಅರ್ಧ ಮಳೆಗಾಲವಿಡೀ ಯಾವುದೋ ಗೋದಾಮಿನಲ್ಲಿ ಬಿದ್ದು ಸೊರಗಿದವು.

ಕಾಕಾ ತಮ್ಮ ಆರು ಸಣ್ಣ ಚಾರ್ಜರುಗಳನ್ನು ನೋಡಿದರು, ಬ್ಯಾಟರಿಯ ರಾಶಿಯನ್ನು ನೋಡಿದರು. "ಒಂಬತ್ತು ದಿನ ಬೇಕ್ರಿ," ಎಂದರು.

"ಒಂಬತ್ತ ದಿನಕ್ಕ ನಾ ಏನ್ ಮುಂದಿನ ದಸರಾ ಮಾಡ್ಲೇನೋ?" ಎಂದರು ಸಾವಕಾರರು.

ಆಗ ಎದ್ದು ನಿಂತವನು ನಾನು. ಕೈಯಿರುವ ಕುರ್ಚಿಯಲ್ಲಿ ಕೂತವನಿಗೆ ಆಗಾಗ ಎದ್ದು ನಿಲ್ಲುವ ಹುಕಿ ಬರುತ್ತದೆ. ಗಾಡಿಗಳ ಜೊತೆಗೇ ಇಪ್ಪತ್ತಾರು ದೊಡ್ಡ ಚಾರ್ಜರುಗಳು ಬಂದಿದ್ದವು. ಎಲ್ಲ ಗಾಡಿಗೂ ನಾಲ್ಕು ನಾಲ್ಕು ಕೂರಿಸಿ ಒಮ್ಮೆಲೇ ಹಚ್ಚಿಬಿಡುವುದು ಎಂದೆ. ಕಂಪನಿಯ ವಾರಂಟಿ ಹಾಳೆಯಲ್ಲಿ ನಾಲ್ಕು ಬ್ಯಾಟರಿಯ ಅಂಕಿ ಬರೆಯಲು ನಾಲ್ಕು ಮನೆ ಇದ್ದವು. ನಾನು ಕಂಪ್ಯೂಟರಿನಲ್ಲಿ ಐದನೆಯ ಮನೆ ಕೊರೆದು ಅದಕ್ಕೆ 'ಒಟ್ಟು' ಎಂದು ಹೆಸರಿಟ್ಟೆ. ಒಟ್ಟು ಐವತ್ತೊಂದು ವೋಲ್ಟು ದಾಟಿದರೆ ಗಾಡಿ ಪಾಸು. ಸಾವಕಾರರು ನನ್ನ ಬೆನ್ನು ತಟ್ಟಿದರು. ಡಿಪ್ಲೊಮಾ ಸಿಕ್ಕಾಗ ನಮ್ಮಪ್ಪ ಕೂಡ ತಟ್ಟಿರಲಿಲ್ಲ.

ಇಪ್ಪತ್ತಾರೂ ಪಾಸಾದವು. ಕಾಕಾ ಮಾತ್ರ ಮೀಟರ್ ಹಿಡಿದು ಒಂದೊಂದನ್ನೂ ಅಳೆದು, ನಾಲ್ಕು ಮನೆಯಲ್ಲೂ ಇದ್ದದ್ದು ಇದ್ದಹಾಗೆ ಬರೆದರು. ೧೩.೧, ೧೩.೦, ೧೩.೦, ೧೨.೨. ನನ್ನ ಮನೆಯಲ್ಲಿ ಐವತ್ತೊಂದು ಪಾಯಿಂಟ್ ಮೂರು. ಅಂಥ ಹಾಳೆಗಳು ಒಂಬತ್ತು. ಆ ಒಂಬತ್ತಕ್ಕೆ ಅವರು ಸಹಿ ಹಾಕಲಿಲ್ಲ. ಬ್ಯಾಟರಿ ಕೋಣೆಯ ಸಹಿ ಇಲ್ಲದೆ ಗಾಡಿ ಬಿಡುವಂತಿಲ್ಲ. ಹೊರಗೆ ಆಗಲೇ ಹೂಮಾಲೆಯ ಬುಟ್ಟಿ ಬಂದಿಳಿದಿತ್ತು.

ಸಾವಕಾರರು ನನ್ನನ್ನು ಒಳಗೆ ಕಳಿಸಿದರು. ಪೆನ್ನೂ ನನ್ನದೇ ಕೊಟ್ಟೆ.

"ಕಾಕಾ, ದಸರಾ ದಾಟ್ಲಿ ಅಂತ ಸಾವಕಾರ್ರು ಅಂದಾರ. ನಿಮಗ ಗೊತ್ತದ ಯಾವುದಕ್ಕ ಅಂತ."

ಅವರು ಒಂಬತ್ತೂ ಹಾಳೆಗಳನ್ನು ಜೋಡಿಸಿ ಮುಂದಿಟ್ಟುಕೊಂಡರು. "ಒಂದ ತಿಂಗಳದಾಗ ಈ ಒಂಬತ್ತು ಮಂದಿನ್ನ ಕರಸ್ರಿ. ಹಿಂದ ಉಳಿದಿದ್ದಷ್ಟ ತಗದು ಸಣ್ಣ ಚಾರ್ಜರಿಗೆ ಹಚ್ಚಿ ಕೊಡ್ತೀನಿ. ಒಂದ ದಿನದ ಕೆಲಸ. ಬದುಕತಾವ. ಕರಸ್ತೀರಿ?"

"ನಾ ಫೋನ್ ಮಾಡ್ತೀನ್ರಿ. ನನ್ನ ಮ್ಯಾಲ ಬಿಡ್ರಿ."

ಅವರು ಒಂಬತ್ತು ಸಹಿ ಹಾಕಿದರು. ಒಂದೊಂದಕ್ಕೂ ಅಕ್ಷರ ಕೂಡಿಸಿ, ಕಾಂತಪ್ಪ ಎಂದು ಪೂರ್ತಿ. ಯಾವ ಅಕ್ಷರವನ್ನೂ ಹಾರಿಸಲಿಲ್ಲ.

ದೀಪಾವಳಿಗೆ ಮೊದಲು ನಾನು ಆ ಒಂಬತ್ತು ಜನರ ಪಟ್ಟಿ ಮಾಡಿ ಸಾವಕಾರರಿಗೆ ತೋರಿಸಿದೆ. "ಹೊಸಾ ಗಾಡಿ ಒಯ್ದವರಿಗೆ ಬಂದು ತೋರಸ್ರಿ ಅಂದ್ರ ಏನ್ ತಿಳಕೋತಾರ? ಸುಮ್ನ ಕುಂಡ್ರು," ಎಂದರು. ಸುಮ್ಮನೆ ಕೂರುವುದು ನನಗೆ ಬರುವ ಕೆಲಸ. ಕಾಕಾ ಒಮ್ಮೆ ಕೇಳಿದರು. ಇವತ್ತು ಮಾಡುತ್ತೇನೆ ಎಂದೆ. ಇನ್ನೊಮ್ಮೆ ಕೇಳಿದರು; ಲೈನು ಸಿಗುತ್ತಿಲ್ಲ ಎಂದೆ. ಮೂರನೆಯ ಸಲ ಕೇಳಿದಾಗ, "ಎಲ್ಲಾರಿಗೂ ಮಾಡೀನ್ರಿ ಕಾಕಾ, ಯಾರೂ ಬರವಲ್ರು," ಎಂದುಬಿಟ್ಟೆ. ಅವರು ನಂಬಿದರು. "ಬರಬೇಕಿತ್ತು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಒಳಗೆ ಹೋದರು.

ಕಾಯಂ ಮಾತೂ ದಸರೆಯಿಂದ ದೀಪಾವಳಿಗೆ, ದೀಪಾವಳಿಯಿಂದ ಸಂಕ್ರಾಂತಿಗೆ ಜಾರಿತ್ತು.

ಸಂಕ್ರಾಂತಿಗೆ ಬಂದದ್ದು ಕೃಷ್ಣಾಬಾಯಿ. ಮಗರಪಟ್ಟಾದ ಆಫೀಸುಗಳಿಗೆ ಊಟದ ಡಬ್ಬಿ ಮುಟ್ಟಿಸುವ ಹೆಂಗಸು. ಆ ದಿನ ಡಬ್ಬಿಗಳ ಸಮೇತ ಗಾಡಿ ತಳ್ಳಿಕೊಂಡು ಬಂದಿದ್ದಳು. "ದಸರ್‍ಯಾಲಾ ಘೇತಲೀ, ಸಂಕ್ರಾಂತೀಲಾ ಢಕಲತೇಯ್!" ಎಂದು ಬಾಗಿಲಲ್ಲೇ ಕೂಗಿದಳು. ದಸರೆಗೆ ಕೊಂಡೆ, ಸಂಕ್ರಾಂತಿಗೆ ತಳ್ಳುತ್ತಿದ್ದೇನೆ ಎಂದು. ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು, ನಾನೂ ನಕ್ಕೆ. ಆಮೇಲೆ ಅವಳ ಗಾಡಿಯ ಚೇಸಿಸ್ ನಂಬರು ನೋಡಿದೆ; ಆ ಒಂಬತ್ತರಲ್ಲೊಂದು. ಹದಿನೈದು ದಿನಗಳಲ್ಲಿ ಒಂಬತ್ತರಲ್ಲಿ ಏಳು ಬಂದವು. ಕಾಕಾ ಸೀಟು ಎತ್ತಿ ಮುಟ್ಟಿ ನೋಡುತ್ತಿದ್ದರು: ಮೂರು ಬ್ಯಾಟರಿಗಳ ಮೈ ಉಬ್ಬಿರುತ್ತಿತ್ತು, ನಾಲ್ಕನೆಯದು ಸತ್ತು ತಣ್ಣಗೆ.

ವಾರಂಟಿ ಕೇಳಿದ್ದಕ್ಕೆ ಕಂಪನಿಯಿಂದ ಇಂಜಿನಿಯರೊಬ್ಬ ಬಂದ. ಬ್ಯಾಟರಿ ನೋಡಲೇ ಇಲ್ಲ, ಹಾಳೆ ಕೇಳಿದ. ಹನ್ನೆರಡು ಪಾಯಿಂಟ್ ಎರಡರ ಮೇಲೆ ಬೆರಳಿಟ್ಟು, ಇದು ಗೊತ್ತಿದ್ದೂ ಗಾಡಿ ಬಿಟ್ಟವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ವಾರಂಟಿ ಇಲ್ಲ ಎಂದು ಬರೆದು, ಚಹಾ ಕುಡಿದು ಹೋದ.

ಸಾವಕಾರರು ಕಾಕಾನನ್ನು ಹೊರಗೆ ಕರೆದರು. ನಾನು ನನ್ನ ಕುರ್ಚಿಯಲ್ಲಿದ್ದೆ.

"ಯಾರ ಸಹಿಯಪಾ ಇದು?" ಎಂದು ಅವರು ಕೇಳಿದ್ದು ನನ್ನನ್ನು.

"ಕಾಂತಪ್ಪ ಕಾಕಾಂದ್ರಿ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕಾಕಾ ನನ್ನ ಕಡೆ ತಿರುಗಿದರು. "ಆ ಒಂಬತ್ತು ಮಂದಿಗೆ ಫೋನ್ ಮಾಡಿದ್ರಲ್ಲ, ಸಾಹೇಬ್ರ? ಹೇಳ್ರಲ್ಲ. ಬರ್ರಿ ಅಂದ್ರೂ ಬರಲಿಲ್ಲ ಅಂತ ಹೇಳ್ರಿ."

ನಾನು ಕಂಪ್ಯೂಟರಿನಲ್ಲಿ ಏನೋ ಇದೆ ಎಂಬಂತೆ ಅದನ್ನೇ ನೋಡಿದೆ. ಸಾವಕಾರರು ಗಡಿಯಾರದ ಕಡೆ ನೋಡಿದರು. ಕಾಕಾಗೆ ಅಷ್ಟು ಸಾಕಾಯಿತು. ಬ್ಯಾಟರಿಯ ಕಸುವು ಬಲ್ಬು ಹಚ್ಚಿ ಅಳೆಯುವ ಮನುಷ್ಯ. ನನ್ನದನ್ನು ಅಳೆಯಲು ಅದೂ ಬೇಕಾಗಲಿಲ್ಲ.

"ಹೋಗ್ಲಿ ಬಿಡ್ರಿ. ಇಬ್ಬರೂ ಸುಳ್ಳ ಹೇಳೇವಿ. ನಿಮ್ಮ ಸುಳ್ಳಿಗೆ ಸಹಿ ಇಲ್ಲ. ನನ್ನದಕ್ಕ ಅದ."

"ಅಂದ್ರ ಗೊತ್ತಿದ್ದ ಹಾಕೀ ಏನ ಸಹಿ?" ಎಂದರು ಸಾವಕಾರರು, ಇದೇ ಮೊದಲ ಸಲ ಕೇಳುತ್ತಿರುವವರಂತೆ.

"ಗೊತ್ತಿದ್ದ ಹಾಕೇನ್ರಿ. ಕಾಯಂ ಮಾಡ್ತೀರಿ ಅಂತ ಹಾಕೇನಿ. ಹದಿನಾಕು ವರ್ಷ ಒಂದ ಬ್ಯಾಟರಿಗೂ ಸುಳ್ಳ ಬರದಿದ್ದಿಲ್ಲ. ನಿಮ್ಮಲ್ಲಿ ಬಂದು ಬರದೆ."

ಆ ದಿನವೇ ಲೆಕ್ಕ ಮುಗಿಸಿ ಕಳಿಸಿದರು. ಆರು ಸಣ್ಣ ಚಾರ್ಜರುಗಳ ವಯರು ಸುತ್ತಿಟ್ಟು, ಮೇಲೆ ಬಟ್ಟೆ ಹೊದಿಸಿ ಹೋದರು. ಮರುದಿನ ನಾನು ಆ ಕೋಣೆಗೆ ಹೋದಾಗ ಗೋಡೆಯ ಮೇಲೆ ಚಾಕ್‌ಪೀಸಿನಿಂದ ಬರೆದ ಎರಡು ಗಾಡಿ ನಂಬರು ಕಂಡವು. ಒಂಬತ್ತರಲ್ಲಿ ಇನ್ನೂ ಬಾರದ ಎರಡು. ಇನ್ನೂ ಬದುಕಿಸಬಹುದಾದವು ಎಂದು ನನಗೆ ತಿಳಿಯಿತು. ಒರೆಸಿಬಿಟ್ಟೆ; ಗಿರಾಕಿಗಳು ಒಳಗೆ ಬರುತ್ತಿರುತ್ತಾರೆ.

ಏಪ್ರಿಲ್ಲಿನಲ್ಲಿ ಸಾವಕಾರರು ನನ್ನನ್ನು ಕಾಯಂ ಮಾಡಿದರು. ಕಷ್ಟಕಾಲದಲ್ಲಿ ಅಂಗಡಿಯ ಮರ್ಯಾದೆ ಉಳಿಸಿದೆ ಎಂದರು. ನಾನು ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡೆ. ಬೇಡ ಎನ್ನುವ ವಿಚಾರ ರಾತ್ರಿ ಬಂತು, ಬೆಳಗ್ಗೆ ಹೋಯಿತು.

ಮೇ ತಿಂಗಳಲ್ಲಿ ಒಂದು ಫೋನು. ಮಗರಪಟ್ಟಾದ ಯಾವುದೋ ಹೌಸಿಂಗ್ ಸೊಸೈಟಿಯವರು. ಲಿಫ್ಟು, ಇನ್ವರ್ಟರುಗಳ ಬ್ಯಾಟರಿ ನೋಡಿಕೊಳ್ಳಲು ಕಾಯಂ ಮನುಷ್ಯ ಬೇಕಂತೆ. ಕಾಂತಪ್ಪ ಎಂಬವರು ಬಂದಿದ್ದಾರೆ, ಮೊದಲು ಕೆಲಸ ಮಾಡಿದ ಜಾಗ ಎಂದು ನಿಮ್ಮ ನಂಬರು ಕೊಟ್ಟಿದ್ದಾರೆ, ಮನುಷ್ಯ ಹೇಗೆ, ಎಂದು ಮರಾಠಿಯಲ್ಲಿ ಕೇಳಿದರು.

ಎದುರಿಗೆ ಸಾವಕಾರರು ಕಪ್ಪಿನ ಚಹಾ ಬಸಿಗೆ ಸುರಿದು ಆರಿಸುತ್ತ ಕೂತಿದ್ದರು. ಹೇಳಬೇಕಾದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಪುಣೆಯಲ್ಲಿ ಅಂಥ ಇನ್ನೊಬ್ಬ ಮನುಷ್ಯ ನಿಮಗೆ ಸಿಗುವುದಿಲ್ಲ ಎಂಬ ಒಂದು ವಾಕ್ಯ ಸಾಕಿತ್ತು. ಆದರೆ ಅಷ್ಟು ಒಳ್ಳೆಯವನನ್ನು ಬಿಟ್ಟಿರೇಕೆ ಎಂದು ಅವರು ಕೇಳದೆ ಇರುತ್ತಿರಲಿಲ್ಲ.

"ಕೆಲಸ ಬರುತ್ತೆ," ಎಂದೆ ಮರಾಠಿಯಲ್ಲಿ. "ಸ್ವಲ್ಪ ನಿಧಾನ."

ಆ ಕಡೆಯವರು ಓಹೋ ಎಂದರು. ನಮಗೆ ಚುರುಕಾದವರು ಬೇಕಿತ್ತು ಎಂದರು. ಉಪಕಾರವಾಯಿತು ಎಂದು ಹೇಳಿ ಇಟ್ಟರು.

"ಯಾರಪಾ?" ಎಂದರು ಸಾವಕಾರರು.

"ಕಾಂತಪ್ಪ ಕಾಕಾನ ಬಗ್ಗೆ ಯಾರೋ ಕೇಳಿದ್ರಿ."

"ಏನಂದಿ?"

"ಇದ್ದದ್ದ ಹೇಳೀನ್ರಿ."

"ಛಲೋ ಮಾಡಿದಿ," ಎಂದು ಅವರು ಬಸಿ ಎತ್ತಿ ಸೊರ್ರನೆ ಚಹಾ ಹೀರಿದರು.